ಆಲ್ಪ್ಸ್‌ನಲ್ಲಿ ಸ್ಕೀ ರಜೆ: ಅವ್ವನೂ ಜೊತೆಗಿರುವಾಗ ಎಂಥ ಹೋಟೆಲು ಹಿಡಿಯಬೇಕು?

ಪ್ರಶ್ನೆ (ಬೆಳಗಾವಿ, ಟಿಳಕವಾಡಿ)

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಪತ್ನಿ, ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮಗಳು ಮತ್ತು ಅರವತ್ತೆಂಟು ವರ್ಷದ ನಮ್ಮ ಅವ್ವ, ಹೀಗೆ ನಾಲ್ವರು ಬರುವ ಏಪ್ರಿಲ್ ಮೊದಲ ವಾರದಲ್ಲಿ, ಮಗಳ ಪರೀಕ್ಷೆ ಮುಗಿದ ಕೂಡಲೇ ಸ್ವಿಟ್ಜರ್ಲೆಂಡಿಗೆ ಹೋಗಿ, ಏಳು ದಿನ ಒಂದೇ ಊರಿನಲ್ಲಿ ಉಳಿದು ಸ್ಕೀ ಕಲಿಯಬೇಕೆಂದಿದ್ದೇವೆ. ನಮ್ಮಲ್ಲಿ ಯಾರೂ ಇದುವರೆಗೆ ಹಿಮ ತುಳಿದವರಲ್ಲ. ಅವ್ವನಿಗೆ ಮೊಣಕಾಲು ನೋವಿದ್ದು ಅವರು ಸ್ಕೀ ಮಾಡುವುದಿಲ್ಲ. ಆದರೆ ಅಪ್ಪ ತೀರಿಕೊಂಡ ಮೇಲೆ ಅವರು ಮನೆಯಿಂದ ಹೊರಬಿದ್ದದ್ದೇ ಕಡಿಮೆಯಾದ್ದರಿಂದ ಅವರನ್ನು ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ. ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು.

ಕಣಿವೆಯ ಕೆಳಗಿನ ಊರಿನಲ್ಲಿ ಕಡಿಮೆ ದರದ ಹೋಟೆಲು ಹಿಡಿದು ದಿನವೂ ರೈಲಿನಲ್ಲಿ ಮೇಲಕ್ಕೆ ಹೋದರೆ ಆಗುತ್ತದೆಯೇ? ಬೆಳಗಿನ ಉಪಾಹಾರ ಮತ್ತು ರಾತ್ರಿಯ ಊಟ ಸೇರಿದ ಹಾಫ್ ಬೋರ್ಡ್ ದರದಿಂದ ನಮ್ಮಂಥವರಿಗೆ ಪ್ರಯೋಜನವಿದೆಯೇ? ನಾವು ಮೂವರೂ ಇಳಿಜಾರಿನಲ್ಲಿರುವಾಗ ಅವ್ವ ಇಡೀ ದಿನವನ್ನು ಹೇಗೆ ಕಳೆಯಬೇಕು ಎಂಬುದೇ ನನ್ನ ದೊಡ್ಡ ಚಿಂತೆ.

ಉತ್ತರ 1 (ವಿಜಯಪುರ)

ನಮಸ್ಕಾರ ಸರ್. ನಾವು ಎರಡು ವರ್ಷದ ಹಿಂದೆ ಜನವರಿಯಲ್ಲಿ ಎಂಗೆಲ್‌ಬರ್ಗ್‌ನಲ್ಲಿ ಆರು ರಾತ್ರಿ ಇದ್ದೆವು. ಲುಜೆರ್ನ್‌ನಿಂದ ಅಲ್ಲಿಗೆ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ನಾವು ಉಳಿದ ಹೋಟೆಲಿನ ವಿವರಣೆಯಲ್ಲಿ ‘ಲಿಫ್ಟಿಗೆ ಹತ್ತಿರ’, ಅಂದರೆ ಸ್ಕೀ ಮಾಡುವವರನ್ನು ಗುಡ್ಡದ ಮೇಲಕ್ಕೆ ಒಯ್ಯುವ ವ್ಯವಸ್ಥೆಗೆ ಹತ್ತಿರ, ಎಂದಿತ್ತು. ಹೋಗಿ ನೋಡಿದರೆ ಹದಿನೈದು ನಿಮಿಷದ ನಡಿಗೆ. ಗಾಂಧಿ ಚೌಕದಿಂದ ಗೋಲಗುಮ್ಮಟಕ್ಕೆ ನಡೆದೇ ಹೋಗುವ ನಮಗೆ ಇದೇನು ದೂರ ಎಂದುಕೊಂಡೆವು. ಆದರೆ ಸ್ಕೀ ಬೂಟು ಕಾಲಿನ ಹರಡು ಒಂದಿಷ್ಟೂ ಮಣಿಯದಂತೆ ಬಿಗಿಯುವ ಗಟ್ಟಿ ಪ್ಲಾಸ್ಟಿಕ್ಕಿನದು. ಅದನ್ನು ತೊಟ್ಟು, ಹೆಗಲ ಮೇಲೆ ಸ್ಕೀ ಹಲಗೆಗಳನ್ನು ಹೊತ್ತು, ರಾತ್ರಿಯಿಡೀ ಹೆಪ್ಪುಗಟ್ಟಿದ ರಸ್ತೆಯಲ್ಲಿ ನಡೆದು ಲಿಫ್ಟಿನ ಬುಡ ತಲುಪುವಷ್ಟರಲ್ಲಿ ನನ್ನ ಹೆಂಡತಿಗೆ ಆ ದಿನದ ಶಕ್ತಿ ಅರ್ಧ ಮುಗಿದಿರುತ್ತಿತ್ತು. ಆದ್ದರಿಂದ ಬುಕಿಂಗ್ ಮಾಡುವ ಮುನ್ನ ನಕ್ಷೆಯಲ್ಲಿ ಹೋಟೆಲಿನ ಬಾಗಿಲಿನಿಂದ ಲಿಫ್ಟಿನವರೆಗಿನ ದಾರಿಯನ್ನು ನೀವೇ ಅಳೆಯಿರಿ, ಮತ್ತು ಅದು ಏರುದಾರಿಯೇ ಎಂದೂ ನೋಡಿರಿ. ದೂರವಿದ್ದರೆ, ಸಲಕರಣೆ ಬಾಡಿಗೆಗೆ ಕೊಡುವ ಅಂಗಡಿಯು ಲಿಫ್ಟಿನ ಪಕ್ಕದಲ್ಲೇ ರಾತ್ರಿ ಅವುಗಳನ್ನು ಇಟ್ಟುಕೊಳ್ಳುತ್ತದೆಯೇ ಎಂದು ವಿಚಾರಿಸಿರಿ.

ಸ್ಕೀಗಳನ್ನು ಮಲಗುವ ಕೋಣೆಗೆ ಒಯ್ಯಲು ಬಹುತೇಕ ಕಡೆ ಬಿಡುವುದಿಲ್ಲ. ಅವುಗಳಿಗೆಂದೇ ಪ್ರತ್ಯೇಕ ಕೋಣೆ ಇರುತ್ತದೆ. ಅಲ್ಲಿ ಬೂಟು ಒಣಗಿಸುವ ಬಿಸಿಗಾಳಿಯ ಸ್ಟ್ಯಾಂಡ್ ಇದೆಯೇ ಎಂಬುದನ್ನು ಖಂಡಿತ ಕೇಳಿರಿ, ಏಕೆಂದರೆ ಒದ್ದೆ ಬೂಟಿನೊಳಗೆ ಬೆಳಿಗ್ಗೆ ಕಾಲಿಡುವ ಚಳಿಯನ್ನು ನಾನು ಇನ್ನೂ ಮರೆತಿಲ್ಲ.

ಇನ್ನೊಂದು ಮಾತು. ಎಂಗೆಲ್‌ಬರ್ಗ್‌ನಲ್ಲಿ ಹೊಸಬರು ಕಲಿಯುವ ಒಂದು ಬಯಲು ಊರಿನಲ್ಲೇ, ಬೆನೆಡಿಕ್ಟೈನ್ ಮಠದ ಹತ್ತಿರ ಇದೆ. ಜನವರಿಯಲ್ಲಿ ನಮಗೆ ಅದು ವರವಾಗಿತ್ತು. ಆದರೆ ಊರು ಇರುವುದು ಸುಮಾರು 1,000 ಮೀಟರ್ ಎತ್ತರದಲ್ಲಿ. ಏಪ್ರಿಲ್ ಹೊತ್ತಿಗೆ ಅಲ್ಲಿ ಹುಲ್ಲು ಕಾಣಿಸಿದರೆ ಆಶ್ಚರ್ಯವಿಲ್ಲ. ನೀವು ಹೋಗುವ ಕಾಲಕ್ಕೆ 2,000 ಮೀಟರಿಗಿಂತ ಮೇಲೆ ಕಲಿಕೆಯ ಜಾಗವಿರುವ ಊರನ್ನೇ ಆರಿಸಿಕೊಳ್ಳುವುದು ಒಳಿತು.

ಉತ್ತರ 2 (ಬಾಗಲಕೋಟೆ)

ತಮ್ಮಾ, ನಾನೂ ಅರವತ್ತು ದಾಟಿದವಳು, ಸ್ಕೀ ಮಾಡದವಳು. ಆದ್ದರಿಂದ ನಿಮ್ಮ ತಾಯಿಯವರ ಕಡೆಯಿಂದ ಬರೆಯುತ್ತಿದ್ದೇನೆ. ಮಗ ಮತ್ತು ಸೊಸೆಯ ಜೊತೆ ನಾನು ಒಂದು ಏಪ್ರಿಲ್‌ನಲ್ಲಿ ತ್ಸೆರ್ಮಾಟ್‌ಗೆ ಹೋಗಿದ್ದೆ. ಆ ಊರಿನೊಳಗೆ ಪೆಟ್ರೋಲ್ ಕಾರುಗಳಿಗೆ ಪ್ರವೇಶವಿಲ್ಲ. ಕಾರುಗಳನ್ನು ಕೆಳಗಿನ ಟೆಶ್‌ನಲ್ಲಿ ನಿಲ್ಲಿಸಿ ಹನ್ನೆರಡು ನಿಮಿಷ ರೈಲಿನಲ್ಲಿ ಬರಬೇಕು. ಹಣ ಉಳಿಯಲೆಂದು ಮಗ ಮೊದಲ ಎರಡು ರಾತ್ರಿಗೆ ಟೆಶ್‌ನಲ್ಲೇ ಕೋಣೆ ಹಿಡಿದಿದ್ದ. ಆ ಎರಡು ದಿನ ನನಗೆ ಬಹಳ ಕಷ್ಟವಾಯಿತು, ಏಕೆಂದರೆ ಬೆಳಿಗ್ಗೆ ಎಲ್ಲರ ಜೊತೆ ಮೇಲೆ ಬಂದ ಮೇಲೆ ದಣಿವಾದರೆ ಒಬ್ಬಳೇ ಹೋಗಿ ಮಲಗಲು ಹತ್ತಿರದಲ್ಲಿ ಕೋಣೆಯೇ ಇರಲಿಲ್ಲ. ಮೂರನೆಯ ದಿನ ತ್ಸೆರ್ಮಾಟ್‌ನೊಳಗಿನ ಹೋಟೆಲಿಗೆ ಬಂದೆವು. ನಿಲ್ದಾಣಕ್ಕೆ ಹೋಟೆಲಿನವರೇ ವಿದ್ಯುತ್ ಗಾಡಿ ಕಳುಹಿಸಿದ್ದರು, ಒಳಗೆ ಲಿಫ್ಟ್ ಇತ್ತು, ಕಿಟಕಿಯಲ್ಲಿ ಮ್ಯಾಟರ್‌ಹಾರ್ನ್ ಶಿಖರ ಕಾಣುತ್ತಿತ್ತು. ಕೆಳಗಿನ ಊರಿನಲ್ಲಿ ಉಳಿಯುವ ವಿಚಾರವನ್ನು ಬಿಟ್ಟುಬಿಡಿ.

ಏಪ್ರಿಲ್‌ನಲ್ಲಿ ಮಧ್ಯಾಹ್ನದ ಬಿಸಿಲಿಗೆ ಹಿಮ ಮೆತ್ತಗಾಗಿ ಭಾರವಾಗುತ್ತದೆ. ಅದರಲ್ಲಿ ಹೊಸಬರ ಕಾಲು ಸಿಕ್ಕಿಕೊಳ್ಳುವುದರಿಂದ ಮಗ ಮತ್ತು ಸೊಸೆ ಬೆಳಿಗ್ಗೆ ಬೇಗ ಹೋಗಿ ಒಂದು ಗಂಟೆಗೆಲ್ಲ ಮರಳುತ್ತಿದ್ದರು. ಅಲ್ಲಿಂದ ರಾತ್ರಿಯ ಊಟದವರೆಗೆ ಎಲ್ಲರೂ ಹೋಟೆಲಿನಲ್ಲೇ. ಹಾಗಾಗಿ ಕೋಣೆ ಸಣ್ಣದಿದ್ದರೂ ಚಿಂತೆಯಿಲ್ಲ; ಕುಳಿತುಕೊಳ್ಳಲು ಬೆಚ್ಚಗಿನ, ಬೆಳಕುಳ್ಳ ಪಡಸಾಲೆಯಂಥ ಜಾಗ ಇರಲೇಬೇಕು. ನಾನು ಗೊರ್ನರ್‌ಗ್ರಾಟ್‌ಗೆ 1898ರಿಂದ ಓಡುತ್ತಿರುವ ಹಲ್ಲುಗಾಲಿ ರೈಲಿನಲ್ಲಿ 3,089 ಮೀಟರ್ ಎತ್ತರಕ್ಕೆ ಕುಳಿತಲ್ಲೇ ಹೋಗಿ ಬಂದೆ. ರಕ್ತದೊತ್ತಡವಿರುವವರು ಆ ಎತ್ತರಕ್ಕೆ ಹೋಗುವ ಮುನ್ನ ವೈದ್ಯರನ್ನು ಕೇಳಬೇಕು. ನಿಮ್ಮ ಮಗಳು ಕಲಿಯುವಂಥ ಜಾಗ ಸುನ್ನೆಗಾದಲ್ಲಿ, ಸುಮಾರು 2,300 ಮೀಟರ್ ಎತ್ತರದಲ್ಲಿದೆ. ಊರಿನಿಂದ ಸುರಂಗದೊಳಗಿನ ರೈಲು ಕೆಲವೇ ನಿಮಿಷಗಳಲ್ಲಿ ಅಲ್ಲಿಗೆ ಒಯ್ಯುತ್ತದೆ. ಅಲ್ಲಿನ ಉಪಾಹಾರ ಗೃಹದ ಬಿಸಿಲು ಜಗಲಿಯಲ್ಲಿ ಅಜ್ಜಿ ಕುಳಿತಿರಬಹುದು.

ಊಟದ ವಿಷಯದಲ್ಲಿ ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಸಾಲದು. ಮಾಂಸ, ಮೀನು, ಮೊಟ್ಟೆ ಬೇಡ, ಸೂಪಿಗೆ ಮಾಂಸದ ರಸ ಬೇಡ ಎಂದು ಮುಂಚಿತವಾಗಿಯೇ ಇಮೇಲ್‌ನಲ್ಲಿ ಬರೆಯಿರಿ. ಫಾಂಡ್ಯೂ ಎಂಬ ಕರಗಿದ ಚೀಸಿನ ಅಡುಗೆಯಲ್ಲಿ ವೈನ್ ಇರುತ್ತದೆ. ಗ್ರುಯೇರ್ ಚೀಸನ್ನು ಕರುವಿನ ಹೊಟ್ಟೆಯ ರೆನೆಟ್‌ನಿಂದ ಹೆಪ್ಪುಗಟ್ಟಿಸುತ್ತಾರೆ. ಆಲೂಗಡ್ಡೆಯ ರೋಸ್ಟಿ ನಮಗೆ ಹಿಡಿಸಿತು, ಆದರೆ ಹಂದಿಮಾಂಸದ ಚೂರು ಹಾಕಬಾರದೆಂದು ಹೇಳಬೇಕು. ಹೋಟೆಲಿನವರು ಇಷ್ಟನ್ನು ಒಪ್ಪಿ ಬರೆದರೆ ಹಾಫ್ ಬೋರ್ಡ್ ತೆಗೆದುಕೊಳ್ಳಿ. ಒಪ್ಪದಿದ್ದರೆ ಅಡುಗೆಮನೆಯುಳ್ಳ ಅಪಾರ್ಟ್‌ಮೆಂಟೇ ಲೇಸು. ಹೋಟೆಲಿನ ಕೋಣೆಯಲ್ಲಿ ಕುಕ್ಕರ್ ಹಚ್ಚುವ ಆಲೋಚನೆ ಮಾತ್ರ ಮಾಡಬೇಡಿ, ಹೊಗೆಯ ಅಲಾರಂ ಹೊಡೆದುಕೊಂಡು ಇಡೀ ಕಟ್ಟಡ ಹೊರಬರುತ್ತದೆ. ನಾನು ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಒಯ್ದಿದ್ದೆ. ನಿಮ್ಮ ಬೆಳಗಾವಿಯ ಕುಂದಾ ಒಯ್ಯಬೇಡಿ. ನಮ್ಮ ದೇಶದಿಂದ ಹಾಲಿನ ಪದಾರ್ಥಗಳನ್ನು ಅಲ್ಲಿಗೆ ಒಯ್ಯುವುದು ನಿಷಿದ್ಧ.

ಉತ್ತರ 3 (ಬೆಳಗಾವಿ)

ಸ್ವಿಟ್ಜರ್ಲೆಂಡಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಅದು ಸಿಗುವುದು ಖಚಿತವಲ್ಲದ ಕಾರಣ ವೀಸಾ ಕೈಗೆ ಬರುವವರೆಗೆ ಉಚಿತವಾಗಿ ರದ್ದುಮಾಡಬಹುದಾದ ಬುಕಿಂಗನ್ನೇ ಇಟ್ಟುಕೊಳ್ಳಿರಿ. ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಆದರೆ ಎಷ್ಟೋ ಸಾಮಾನ್ಯ ಪ್ರವಾಸ ವಿಮೆಗಳು ಸ್ಕೀ ಗಾಯಗಳನ್ನು ಹೊರಗಿಡುತ್ತವೆ. ಚಳಿಗಾಲದ ಕ್ರೀಡೆ ಮತ್ತು ಹೆಲಿಕಾಪ್ಟರ್ ರಕ್ಷಣೆ ಸೇರಿವೆ ಎಂದು ಪಾಲಿಸಿಯಲ್ಲೇ ಓದಿ ಖಚಿತಪಡಿಸಿಕೊಳ್ಳಿರಿ. ಈಸ್ಟರ್ ಏಪ್ರಿಲ್ ಮೊದಲ ವಾರಕ್ಕೆ ಬಿದ್ದರೆ ಕೋಣೆಯ ದರ ಏರುತ್ತದೆ. ತಲೆಗೆ ಇಷ್ಟೆಂದು ಪ್ರತಿ ರಾತ್ರಿಗೂ ಪ್ರವಾಸಿ ತೆರಿಗೆಯನ್ನು ಹೋಟೆಲಿನಲ್ಲೇ ಬೇರೆಯಾಗಿ ಕಟ್ಟಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ವಂದನೆಗಳು. ತ್ಸೆರ್ಮಾಟ್ ಎಂದು ನಿಶ್ಚಯಿಸಿದ್ದೇವೆ. ಖರ್ಚು ಹೆಚ್ಚಾಗುವುದರಿಂದ ಏಳು ದಿನಗಳ ಬದಲು ಐದು ದಿನ ಇರುತ್ತೇವೆ. ಎರಡು ಹೋಟೆಲುಗಳಿಗೆ ಊಟ, ಬೂಟು ಒಣಗಿಸುವ ವ್ಯವಸ್ಥೆ ಮತ್ತು ನಿಲ್ದಾಣಕ್ಕೆ ಗಾಡಿ ಕಳುಹಿಸುವ ಬಗ್ಗೆ ಇಂದು ಬರೆದಿದ್ದೇನೆ. ಬಾಗಲಕೋಟೆಯ ಅಕ್ಕನವರ ಉತ್ತರವನ್ನು ಅವ್ವನಿಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ: ಸುನ್ನೆಗಾದ ಆ ಜಗಲಿಯಲ್ಲಿ ಬಿಸಿನೀರು ಸಿಗುತ್ತದೆಯೇ, ಇಲ್ಲವೇ ಥರ್ಮಾಸ್ ಒಯ್ಯಬೇಕೇ?

ಉತ್ತರ 2 (ಬಾಗಲಕೋಟೆ)

ಥರ್ಮಾಸ್ ಒಯ್ಯಲಿ. ಉಪಾಹಾರದ ಹೊತ್ತಿನಲ್ಲಿ ಕೇಳಿದರೆ ನಮ್ಮ ಹೋಟೆಲಿನವರು ದಿನವೂ ತುಂಬಿಸಿ ಕೊಡುತ್ತಿದ್ದರು.