ಮಕ್ಕಳ ನೆರವಿನ ಸಂಸ್ಥೆಯಲ್ಲಿ ಬ್ಲಾಕ್‌ಚೈನ್ ಕೆಲಸ ಅಂದರೆ ದಿನಾ ಏನು ಮಾಡಬೇಕು?

ಕಿರಣ್_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಫಿನ್‌ಟೆಕ್ ಕಂಪನಿಯಲ್ಲಿ ಸಾಲಿಡಿಟಿ ಎಂಬ ಕೋಡಿಂಗ್ ಭಾಷೆಯಲ್ಲಿ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಬರೆಯುತ್ತೇನೆ. ಅಂದರೆ ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳಲ್ಲಿ ಒಂದೇ ಪ್ರತಿಯಾಗಿ ಇರುವ ಲೆಕ್ಕದ ಪುಸ್ತಕ) ಮೇಲೆ ತಾನಾಗಿಯೇ ನಡೆಯುವ ಪ್ರೋಗ್ರಾಂ. ಮಕ್ಕಳಿಗಾಗಿ ದುಡಿಯುವ ಅಂತರರಾಷ್ಟ್ರೀಯ ಸಂಸ್ಥೆಯೊಂದು ಬ್ಲಾಕ್‌ಚೈನ್ ತಜ್ಞರು ಬೇಕು ಅಂತ ಅರ್ಜಿ ಕರೆದಿದೆ. ಕನ್ಸಲ್ಟೆಂಟ್ ಹುದ್ದೆ, ಮನೆಯಿಂದಲೇ ಕೆಲಸ, ಅವಧಿ ಒಂದು ವರ್ಷಕ್ಕಿಂತ ಸ್ವಲ್ಪ ಕಡಿಮೆ. ಅರ್ಜಿ ಹಾಕಬೇಕು ಅಂತ ತುಂಬಾ ಆಸೆ ಇದೆ. ಆದರೆ ಅಲ್ಲಿ ಕೋಡ್ ಬರೆಸುತ್ತಾರಾ, ಬರೀ ಪ್ರೆಸೆಂಟೇಶನ್ ಮಾಡಿಸುತ್ತಾರಾ ಗೊತ್ತಾಗುತ್ತಿಲ್ಲ. ಇದರಿಂದ ಮಕ್ಕಳಿಗೆ ನಿಜವಾಗಿ ಏನಾದರೂ ಸಿಗುತ್ತದಾ? ಕಾಯಂ ಕೆಲಸ ಬಿಟ್ಟು ಹೋಗಬಹುದಾ? ಇಂಥ ಕಡೆ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ರವಿ_ತುಮಕೂರು:

ನನಗೂ ಇದೇ ಅನುಮಾನ ಕಿರಣ್. ನೆರವಿನ ಲೆಕ್ಕ ಇಡೋಕೆ ಒಂದು ಒಳ್ಳೆಯ ಡೇಟಾಬೇಸ್ ಸಾಕಲ್ವಾ? ಬ್ಲಾಕ್‌ಚೈನ್ ಯಾಕೆ ಬೇಕು ಅಂತ ಯಾರಾದರೂ ಬಿಡಿಸಿ ಹೇಳಿದರೆ ನಾನೂ ಕೇಳುತ್ತೇನೆ.

ಸುಮಾ_ತೀರ್ಥಹಳ್ಳಿ:

ಕಿರಣ್ ಅವರೇ, ನಾನು ಇಂಥದ್ದೇ ಒಂದು ಸಂಸ್ಥೆಯಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಸಂಸ್ಥೆಯ ಹೆಸರು ಬೇಡ. ಕೆಲಸದ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲು ರವಿ ಅವರ ಪ್ರಶ್ನೆಗೆ. ಬಹಳಷ್ಟು ಕಡೆ ಡೇಟಾಬೇಸ್ ಸಾಕು. ಹಾಗಂತ ಮೀಟಿಂಗ್‌ನಲ್ಲಿ ಧೈರ್ಯವಾಗಿ ಹೇಳುವುದೂ ನಮ್ಮ ಕೆಲಸವೇ. ಬ್ಲಾಕ್‌ಚೈನ್ ಉಪಯೋಗಕ್ಕೆ ಬರುವುದು ಹಣ ಹಲವು ದೇಶಗಳನ್ನು ದಾಟುವಾಗ, ಅಥವಾ ಒಬ್ಬರನ್ನೊಬ್ಬರು ಪೂರ್ತಿ ನಂಬದ ಹಲವು ಸಂಸ್ಥೆಗಳು ಒಂದೇ ಲೆಕ್ಕ ನೋಡಬೇಕಾದಾಗ. ಯುನಿಸೆಫ್ 2019ರ ಅಕ್ಟೋಬರ್‌ನಲ್ಲಿ ಕ್ರಿಪ್ಟೋಕರೆನ್ಸಿ ನಿಧಿ ಶುರು ಮಾಡಿತು. ಬಿಟ್‌ಕಾಯಿನ್, ಈಥರ್ ಎಂಬ ಡಿಜಿಟಲ್ ಹಣದ ರೂಪದಲ್ಲಿ ಬಂದ ದೇಣಿಗೆಯನ್ನು ಡಾಲರ್ ಮಾಡದೆ ಹಾಗೇ ಇಟ್ಟು, ಹಾಗೇ ಕೊಡುವುದು ಅದರ ಪದ್ಧತಿ. 2020ರ ಜೂನ್‌ನಲ್ಲಿ ಏಳು ದೇಶಗಳ ಎಂಟು ಸಣ್ಣ ಕಂಪನಿಗಳಿಗೆ 125 ಈಥರ್ ಕಳಿಸಿದರು. 20 ನಿಮಿಷವೂ ಹಿಡಿಯಲಿಲ್ಲ, ಖರ್ಚು 20 ಡಾಲರಿಗಿಂತ ಕಡಿಮೆ. ಆ ಎಂಟರಲ್ಲಿ ನಮ್ಮ ಪಕ್ಕದ ಹೈದರಾಬಾದಿನ ಸ್ಟ್ಯಾಟ್‌ವಿಗ್ ಕೂಡ ಇತ್ತು. ಲಸಿಕೆ ಯಾವ ಗೋದಾಮಿನಿಂದ ಎಲ್ಲಿಗೆ ಹೋಯಿತು ಅಂತ ಜಾಡು ಹಿಡಿಯುವ ಕಂಪನಿ ಅದು. ಬ್ಯಾಂಕಿನ ಮೂಲಕ ದೇಶದಿಂದ ದೇಶಕ್ಕೆ ಹಣ ಕಳಿಸಿ ಅದು ಎಲ್ಲಿ ನಿಂತಿದೆ ಅಂತ ಗೊತ್ತಾಗದೆ ಕಾದವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು.

ಇನ್ನು ದಿನದ ಕೆಲಸ. ಕೋಡ್ ಇದೆ, ಆದರೆ ನೀವು ಅಂದುಕೊಂಡಷ್ಟು ಇಲ್ಲ. ಈ ಡಿಜಿಟಲ್ ಹಣ ಇಡುವ ವ್ಯಾಲೆಟ್‌ನಿಂದ ಹಣ ಹೊರಡಬೇಕಾದರೆ ಹಲವರ ಸಹಿ ಬೇಕು. ಯಾರು ಸಹಿ ಮಾಡಬೇಕು, ಅವರಲ್ಲೊಬ್ಬರು ಕೆಲಸ ಬಿಟ್ಟರೆ ಅವರ ಕೀ (ಸಹಿ ಮಾಡಲು ಬಳಸುವ ಗುಟ್ಟಿನ ಸಂಖ್ಯೆ) ತೆಗೆದು ಹೊಸಬರ ಕೀ ಸೇರಿಸುವುದು ಹೇಗೆ, ಇದನ್ನೆಲ್ಲ ಬರೆದಿಡಬೇಕು. ನಮ್ಮ ಹಣಕಾಸು ವಿಭಾಗದ ಹಿರಿಯರೊಬ್ಬರು ಮೊದಲ ಮೀಟಿಂಗ್‌ನಲ್ಲೇ ಕೇಳಿದ್ದು, "ಕೀ ಇಟ್ಟುಕೊಂಡವರು ತೀರಿಕೊಂಡರೆ ಮಕ್ಕಳ ದುಡ್ಡು ಏನಾಗುತ್ತೆ?" ಅಂತ. ಅದು ಬಹಳ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರವಾಗಿ ಬರೆದ ದಾಖಲೆಯೇ ನಾನು ಮಾಡಿದ ಕೆಲಸಗಳಲ್ಲಿ ಹೆಚ್ಚು ಬಳಕೆಯಾಗಿರುವುದು. ಆಡಿಟರ್‌ಗಳಿಗೆ ಈಥರ್‌ನ ಬೆಲೆ ಯಾವ ಹೊತ್ತಿನದು, ಎಲ್ಲಿಂದ ತೆಗೆದುಕೊಂಡಿದ್ದು ಅಂತ ತೋರಿಸಬೇಕು. ಹಣ ಪಡೆದ ಕಡೆಯ ಅಕೌಂಟೆಂಟ್‌ಗೆ ಅದನ್ನು ತಮ್ಮ ದೇಶದ ಹಣ ಮಾಡಿಕೊಳ್ಳುವುದು ಹೇಗೆ ಅಂತ ಹೇಳಿಕೊಡಬೇಕು. ಫೋನ್‌ನಲ್ಲಿ, ತಾಳ್ಮೆಯಿಂದ, ಅವರಿಗೆ ಅರ್ಥವಾಗುವವರೆಗೆ.

ಆದರೆ ನಾನು ಮುಖ್ಯವಾಗಿ ಹೇಳಬೇಕಿರುವುದು ಬೇರೆ. ಈ ಹುದ್ದೆಯಲ್ಲಿ ದೊಡ್ಡ ಜವಾಬ್ದಾರಿ, ಚೈನ್ ಮೇಲೆ ಏನನ್ನು ಹಾಕಬಾರದು ಅಂತ ಹೇಳುವುದು. ಒಮ್ಮೆ ನಮ್ಮಲ್ಲಿ ಒಂದು ಯೋಜನೆ ಬಂತು. ಮಕ್ಕಳ ಲಸಿಕೆ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದಾದ ಪಬ್ಲಿಕ್ ಚೈನ್ ಮೇಲೆ ಇಡೋಣ, ಹೆಸರು ಇರುವುದಿಲ್ಲ, ಹೆಸರು ಮತ್ತು ಹುಟ್ಟಿದ ದಿನ ಸೇರಿಸಿದ ಹ್ಯಾಶ್ (ಆ ಅಕ್ಷರಗಳಿಂದ ಲೆಕ್ಕ ಹಾಕಿದ ಸಂಕೇತ; ಅದೇ ಅಕ್ಷರ ಕೊಟ್ಟರೆ ಅದೇ ಸಂಕೇತ) ಮಾತ್ರ ಇರುತ್ತದೆ, ಯಾರಿಗೂ ಗೊತ್ತಾಗಲ್ಲ ಅಂದರು. ನಾನು ಲೆಕ್ಕ ಹಾಕಿ ತೋರಿಸಿದೆ. ಐದು ವರ್ಷದೊಳಗಿನ ಮಗುವಿನ ಹುಟ್ಟಿದ ದಿನ ಅಂದರೆ ಹೆಚ್ಚೆಂದರೆ 1,827 ಸಾಧ್ಯತೆ. ಒಂದು ಊರಿನ ಹೆಸರುಗಳ ಪಟ್ಟಿ ಕೈಯಲ್ಲಿದ್ದರೆ ಪ್ರತಿ ಹೆಸರಿಗೂ ಪ್ರತಿ ದಿನವನ್ನು ಜೋಡಿಸಿ ನೋಡಲು ಸಾಮಾನ್ಯ ಲ್ಯಾಪ್‌ಟಾಪ್‌ಗೆ ಕೆಲವು ಕ್ಷಣ ಸಾಕು. ಚಿಲಕ ಹಾಕದ ಬಾಗಿಲಿಗೆ ಪರದೆ ಬಿಟ್ಟ ಹಾಗೆ ಅದು.

ಮತ್ತೆ ಅಲ್ಲಿ ಬರೆದದ್ದನ್ನು ಅಳಿಸಲು ಆಗುವುದಿಲ್ಲ. ಎರಡು ವರ್ಷದ ಮಗು ಯಾವುದಕ್ಕೂ ಒಪ್ಪಿಗೆ ಕೊಟ್ಟಿಲ್ಲ. ನಾಳೆ ಆ ದೇಶದಲ್ಲಿ ಯಾರ ಆಡಳಿತ ಬರುತ್ತದೋ ಹೇಳಲಾಗದು. 2021ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ ಹೊರಗೆ ತಂದ ವಿಷಯ ಓದಿ: ಬಾಂಗ್ಲಾದೇಶದಲ್ಲಿ ನೆರವಿಗಾಗಿ ಪಡೆದ ರೋಹಿಂಗ್ಯಾ ನಿರಾಶ್ರಿತರ ಮಾಹಿತಿ, ಅವರು ಯಾರಿಂದ ತಪ್ಪಿಸಿಕೊಂಡು ಬಂದಿದ್ದರೋ ಆ ಮ್ಯಾನ್ಮಾರ್ ಸರ್ಕಾರಕ್ಕೇ ತಲುಪಿತ್ತು. ಅದರಲ್ಲಿ ಬ್ಲಾಕ್‌ಚೈನ್ ಇರಲಿಲ್ಲ. ಸುಮ್ನೆ ಮಾಹಿತಿ ಸಂಗ್ರಹಿಸಿದ್ದೇ ಅಷ್ಟು ಅಪಾಯ ತಂದರೆ, ಎಂದೂ ಅಳಿಸಲಾಗದ ಕಡೆ ಇಟ್ಟರೆ ಏನಾದೀತು?

ಆ ಯೋಜನೆ ಬದಲಾಯಿತು. ಈಗ ಚೈನ್ ಮೇಲೆ ಲಸಿಕೆಯ ಬ್ಯಾಚ್ ನಂಬರ್ ಮತ್ತು ಎಣಿಕೆ ಮಾತ್ರ ಇದೆ. ಮಕ್ಕಳ ವಿವರ ಬೀಗ ಹಾಕಿದ ಸಾಮಾನ್ಯ ಡೇಟಾಬೇಸ್‌ನಲ್ಲಿದೆ, ಕಾರಣ ಮುಗಿದ ಮೇಲೆ ಅಳಿಸಲೂ ಬರುತ್ತದೆ. ಅವತ್ತು ಕೆಲವರಿಗೆ ನನ್ನ ಮೇಲೆ ಬೇಸರವಾಯಿತು. ಪರವಾಗಿಲ್ಲ. ವಿಶ್ವ ಆಹಾರ ಕಾರ್ಯಕ್ರಮ 2017ರಲ್ಲಿ ಜೋರ್ಡಾನಿನ ಅಜ್ರಕ್ ಶಿಬಿರದಲ್ಲಿ ಸುಮಾರು 10,000 ನಿರಾಶ್ರಿತರಿಗೆ ರೇಷನ್ ಕೊಡಲು ಬ್ಲಾಕ್‌ಚೈನ್ ಬಳಸಿದಾಗಲೂ ಕಣ್ಣಿನ ಸ್ಕ್ಯಾನ್ ಮುಂತಾದ ಗುರುತಿನ ಮಾಹಿತಿಯನ್ನು ಚೈನ್ ಮೇಲೆ ಇಡಲಿಲ್ಲ. ಅರ್ಜಿ ಹಾಕುವ ಮೊದಲು ಅದರ ಬಗ್ಗೆ ಖಂಡಿತ ಓದಿ.

ಕಾಂಟ್ರ್ಯಾಕ್ಟ್ ವಿಷಯ: ಕನ್ಸಲ್ಟೆಂಟ್ ಅಂದರೆ ನನ್ನ ಅನುಭವದಲ್ಲಿ ಪಿಎಫ್ ಇಲ್ಲ, ಕುಟುಂಬದ ಆರೋಗ್ಯ ವಿಮೆ ನೀವೇ ಮಾಡಿಸಿಕೊಳ್ಳಬೇಕು, ತೆರಿಗೆ ನೀವೇ ಕಟ್ಟಬೇಕು. ಮನೆಯಲ್ಲಿ ಸಾಲದ ಕಂತು ಇದ್ದರೆ ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಹೋಗಿ.

ಜ್ಯೋತಿ_ಕಲಬುರಗಿ:

ಸುಮಾ ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಾನು ಇಲ್ಲಿ ಅಂಗನವಾಡಿ ಮಕ್ಕಳ ಜೊತೆ ಕೆಲಸ ಮಾಡುವ ಸಣ್ಣ ಎನ್‌ಜಿಒದ ಲೆಕ್ಕ ನೋಡುತ್ತೇನೆ. 2020ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತಿದ್ದುಪಡಿ ಆದಮೇಲೆ ವಿದೇಶಿ ದೇಣಿಗೆ ಮೊದಲು ಬರಬೇಕಾದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಹಾಗಾಗಿ ಹೊರದೇಶದಿಂದ 20 ನಿಮಿಷದಲ್ಲಿ ಈಥರ್ ಕಳಿಸುತ್ತೇವೆ ಅಂದರೆ ನಮ್ಮಂಥವರಿಗೆ ಅದು ಉಪಯೋಗವಿಲ್ಲ. ಕಿರಣ್, ನೀವು ಯಾವ ದೇಶಕ್ಕೆ ಕೆಲಸ ಮಾಡಿದರೂ ಮೊದಲು ಅಲ್ಲಿನ ಅಕೌಂಟೆಂಟ್ ಒಬ್ಬರ ಜೊತೆ ಮಾತಾಡಿ. ನಮ್ಮನ್ನು ಯಾರೂ ಕೇಳುವುದೇ ಇಲ್ಲ.

ಕಿರಣ್_ದಾವಣಗೆರೆ:

ತುಂಬಾ ಧನ್ಯವಾದ. ಹ್ಯಾಶ್ ಲೆಕ್ಕ ನಾನು ಯೋಚಿಸಿಯೇ ಇರಲಿಲ್ಲ. ಅರ್ಜಿ ಹಾಕುತ್ತೇನೆ. ಮೇಡಂ, ಅರ್ಜಿ ಜೊತೆ ಏನು ತೋರಿಸಬೇಕು? ನನ್ನ ಕೋಡ್ ಎಲ್ಲ ಕಂಪನಿಯದ್ದು.

ಸುಮಾ_ತೀರ್ಥಹಳ್ಳಿ:

ಕಂಪನಿ ಕೋಡ್ ತೋರಿಸಬೇಡಿ. ಒಂದು ಚಿಕ್ಕ ಓಪನ್ ಸೋರ್ಸ್ (ಕೋಡ್ ಅನ್ನು ಯಾರು ಬೇಕಾದರೂ ನೋಡಿ ಬಳಸಬಹುದಾದ) ಪ್ರಾಜೆಕ್ಟ್ ಮಾಡಿ, ಮೂವರಲ್ಲಿ ಇಬ್ಬರ ಸಹಿ ಬೇಕಾಗುವ ವ್ಯಾಲೆಟ್ ಆದರೂ ಸಾಕು. ಯುನಿಸೆಫ್‌ನ ಇನೋವೇಶನ್ ಫಂಡ್ ಹಣ ಕೊಡುವುದೇ ಓಪನ್ ಸೋರ್ಸ್ ಕೆಲಸಕ್ಕೆ, ಈ ವಲಯದಲ್ಲಿ ಅದನ್ನು ಜಾಸ್ತಿ ನೋಡುತ್ತಾರೆ. ಜೊತೆಗೆ ಒಂದು ಪುಟ ಬರೆಯಿರಿ: ಇದರಲ್ಲಿ ಯಾವ ಮಾಹಿತಿ ಚೈನ್ ಮೇಲೆ ಹೋಗುತ್ತದೆ, ಯಾವುದು ಹೋಗುವುದಿಲ್ಲ, ಯಾಕೆ. ಕಂಪ್ಯೂಟರ್ ಗೊತ್ತಿಲ್ಲದವರಿಗೆ ಓದಲು ಕೊಟ್ಟು ನೋಡಿ. ಇನ್ನೊಂದು, ಅರ್ಜಿಗೋ ಸಂದರ್ಶನಕ್ಕೋ ಯಾರಾದರೂ ದುಡ್ಡು ಕೇಳಿದರೆ ಅದು ಮೋಸ, ಅಲ್ಲೇ ನಿಲ್ಲಿಸಿ. ಆ ಪುಟ ಬರೆದಾದ ಮೇಲೆ ಇಲ್ಲಿ ಹಾಕಿ, ನಾನು ಓದುತ್ತೇನೆ. ಜ್ಯೋತಿ ಅವರೇ, ನೀವೂ ಓದಿ ಹೇಳಬೇಕು.