ನ್ಯೂರೋಸ್ಫಿಯರ್ (ನರ ಕಾಂಡಕೋಶಗಳ ತೇಲುವ ಗೋಳ) ತೇಲುತ್ತಿಲ್ಲ, ಎಲ್ಲ ತಳಕ್ಕೆ ಅಂಟುತ್ತಿದೆ. ದಯವಿಟ್ಟು ಸಹಾಯ ಮಾಡಿ

ಯಲಹಂಕ_ಲ್ಯಾಬ್: ಮೂರು ವಾರದಿಂದ ಇದೇ ಗೋಳು. ಮೌಸ್ ಭ್ರೂಣ, ಇ14 (ಗರ್ಭದ 14ನೇ ದಿನ), ಮೆದುಳಿನ ಕಾರ್ಟೆಕ್ಸ್‌ನಿಂದ ತೆಗೆದ ನರ ಕಾಂಡಕೋಶಗಳು. ಮೊದಲ ಸಲ ಮುತ್ತಿನ ಹಾಗೆ ದುಂಡಗೆ ತೇಲಿದವು. ಪ್ಯಾಸೇಜ್ ಮಾಡಿದ (ಗೋಳ ಬಿಡಿಸಿ ಹೊಸ ಫ್ಲಾಸ್ಕಿಗೆ ಹಾಕಿದ) ಎರಡೇ ದಿನಕ್ಕೆ ತಳ ಹಿಡಿದು, ಚಪ್ಪಟೆಯಾಗಿ, ನಕ್ಷತ್ರದಂತೆ ಕೈ ಚಾಚಿವೆ. ಮೀಡಿಯಾ (ಕೋಶ ಬೆಳೆಸುವ ದ್ರವ) ಮಾಮೂಲಿನದೇ. ಎರಡು ಬ್ಯಾಚ್ ಹೋಯಿತು. ಸುಮ್ನೆ ಇನ್ನೊಂದು ಬಸುರಿ ಇಲಿಯನ್ನು ಸಾಯಿಸಲು ಮನಸ್ಸು ಒಪ್ಪುತ್ತಿಲ್ಲ.

ಸೆಲ್‌ಗುರು: ಮೀಡಿಯಾಗೆ ಹಾಕುವ ಬೆಳವಣಿಗೆ ಪ್ರೋಟೀನ್ ಎಫ್‌ಜಿಎಫ್2 ಸತ್ತಿದೆ. 37 ಡಿಗ್ರಿಯಲ್ಲಿ ಅದು ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಅದನ್ನು ಕಾಪಾಡಲು ಹೆಪಾರಿನ್ ಹಾಕಿದ್ದೀರಾ?

ಯಲಹಂಕ_ಲ್ಯಾಬ್: ಹಾಕಿದ್ದೇನೆ ಸರ್, ಎಂಎಲ್‌ಗೆ 2 ಮೈಕ್ರೋಗ್ರಾಂ. ಇಜಿಎಫ್ (ಇನ್ನೊಂದು ಬೆಳವಣಿಗೆ ಪ್ರೋಟೀನ್), ಎಫ್‌ಜಿಎಫ್ ಎರಡೂ ಎಂಎಲ್‌ಗೆ 20 ನ್ಯಾನೋಗ್ರಾಂ. ಅಲಿಕ್ವಾಟ್ (ಹಂಚಿಟ್ಟ ಸಣ್ಣ ಪಾಲು) ಎಲ್ಲ ಮೈನಸ್ 80 ಡಿಗ್ರಿಯಲ್ಲಿ.

ಸೆಲ್‌ಗುರು: ಹಾಗಾದರೆ ಬರುವಾಗಲೇ ಹಾಳಾಗಿದೆ. ನಮ್ಮ ಟ್ರಾಫಿಕ್‌ನಲ್ಲಿ ಗಾಡಿ ಅರ್ಧ ದಿನ ನಿಂತರೆ ಡ್ರೈ ಐಸ್ ಎಲ್ಲಿ ಉಳಿಯುತ್ತದೆ? ಹೊಸ ವಯಲ್ ತರಿಸಿ.

ಪಿಪೆಟ್_ಹುಡುಗಿ: ಮೈಕೋಪ್ಲಾಸ್ಮಾ (ಕಲ್ಚರ್‌ಗೆ ಸೇರುವ ಬ್ಯಾಕ್ಟೀರಿಯಾ) ಇದೆಯೇ ಅಂತ ಪಿಸಿಆರ್ ಪರೀಕ್ಷೆ ಮಾಡಿಸಿದ್ದೀರಾ?

ಹೆಬ್ಬಾಳ_ನ್ಯೂರೋ: ಪೆನ್-ಸ್ಟ್ರೆಪ್ (ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್) ಇದ್ದರೆ ಅದರ ಚಿಂತೆ ಬೇಡ.

ಪಿಪೆಟ್_ಹುಡುಗಿ: ತಪ್ಪು ಸರ್. ಮೈಕೋಪ್ಲಾಸ್ಮಾಗೆ ಕೋಶಭಿತ್ತಿಯೇ ಇಲ್ಲ, ಕೋಶಭಿತ್ತಿಗೆ ಹೊಡೆಯುವ ಪೆನಿಸಿಲಿನ್ ಏನು ಮಾಡುತ್ತದೆ? ಹೊಸ ಹುಡುಗರು ಇದನ್ನು ಓದಿ ನಂಬುತ್ತಾರೆ.

ಹೆಬ್ಬಾಳ_ನ್ಯೂರೋ: ನಮ್ಮ ಲ್ಯಾಬಿನಲ್ಲಂತೂ ಒಮ್ಮೆಯೂ ಬಂದಿಲ್ಲ.

ಹಳೇ_ಪೋಸ್ಟ್‌ಡಾಕ್: ಒಂದು ಪ್ರಶ್ನೆ. ಸ್ಫಿಯರ್ ಬಿಡಿಸಿದ್ದು ಹೇಗೆ?

ಯಲಹಂಕ_ಲ್ಯಾಬ್: ಟ್ರಿಪ್ಸಿನ್ ಕಿಣ್ವದಿಂದ. ಅದರ ಕೆಲಸ ನಿಲ್ಲಿಸಲು 10% ಸೀರಂ (ರಕ್ತದಿಂದ ತೆಗೆದ ದ್ರವ) ಇರುವ ಮೀಡಿಯಾ, ಎಲ್ಲರೂ ಮಾಡುವ ಹಾಗೆ. ಸ್ಪಿನ್ ಮಾಡಿ ಮೇಲಿನದು ತೆಗೆದೆ. ತಳದಲ್ಲಿ ಕೂತ ಕೋಶಗಳ ಪೆಲೆಟ್ ಜಾರುತ್ತದೆ ಅಂತ ಅರ್ಧ ಎಂಎಲ್ ಬಿಟ್ಟೆ.

ಹಳೇ_ಪೋಸ್ಟ್‌ಡಾಕ್: ಇದನ್ನು ಮೊದಲೇ ಹೇಳಬೇಕಿತ್ತು ಕಣಮ್ಮ. ಆ ಅರ್ಧ ಎಂಎಲ್ 5 ಎಂಎಲ್ ಫ್ಲಾಸ್ಕಿಗೆ ಬಿದ್ದರೆ ಸೀರಂ ಹೆಚ್ಚುಕಡಿಮೆ 1% ಆಯಿತು. ಸೀರಂನಲ್ಲಿರುವ ಫೈಬ್ರೊನೆಕ್ಟಿನ್, ವಿಟ್ರೊನೆಕ್ಟಿನ್ ಎಂಬ ಪ್ರೋಟೀನ್‌ಗಳು ಕೋಶವನ್ನು ಪ್ಲಾಸ್ಟಿಕ್‌ಗೆ ಅಂಟಿಸುತ್ತವೆ. ಸೀರಂ ಸೋಕಿದ ಕಾಂಡಕೋಶ ಆಸ್ಟ್ರೋಸೈಟ್ (ನಕ್ಷತ್ರಾಕಾರದ ಮೆದುಳಿನ ಕೋಶ) ಆಗಲು ಹೊರಡುತ್ತದೆ. ನೀವು ನೋಡಿದ ನಕ್ಷತ್ರ ಅದೇ ಇರಬೇಕು, ಆಸ್ಟ್ರೋಸೈಟ್ ಗುರುತಿಸುವ ಜಿಎಫ್‌ಎಪಿ ಪ್ರೋಟೀನಿಗೆ ಸ್ಟೇನ್ ಮಾಡಿ. 1992ರಲ್ಲಿ ರೆನಾಲ್ಡ್ಸ್ ಮತ್ತು ವೈಸ್ ವಯಸ್ಕ ಮೌಸ್ ಮೆದುಳಿನಿಂದ ಈ ಗೋಳಗಳನ್ನು ಬೆಳೆಸಿದ್ದು ಸೀರಂ ಇಲ್ಲದೆ, ಬರೀ ಇಜಿಎಫ್ ಕೊಟ್ಟು. ಗೋಳ ಬಿಡಿಸಲು ಟ್ರಿಪ್ಸಿನ್ ಬದಲು ಅಕ್ಯುಟೇಸ್ ಬಳಸಿ, ಇಲ್ಲವೇ ಟ್ರಿಪ್ಸಿನ್ ನಿಲ್ಲಿಸಲು ಸೀರಂ ಬದಲು ಸೋಯಾಬೀನ್ ಟ್ರಿಪ್ಸಿನ್ ಇನ್ಹಿಬಿಟರ್ ಹಾಕಿ. ಅಂಟದ ಫ್ಲಾಸ್ಕ್ ತೆಗೆದುಕೊಳ್ಳಿ. ದಿನಾ ಎತ್ತಿ ನೋಡಬೇಡಿ, ಅಲುಗಾಡಿದರೆ ಗೋಳಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಸೆಲ್‌ಗುರು: ಸರಿ, ಆದರೂ ಎಫ್‌ಜಿಎಫ್ ಲಾಟ್ ನಂಬರ್ ಹಾಕಿ.

ಯಲಹಂಕ_ಲ್ಯಾಬ್: ಫ್ರೀಜ್ ಮಾಡಿಟ್ಟಿದ್ದ ಒಂದು ವಯಲ್ ಇತ್ತು. ಅಕ್ಯುಟೇಸ್‌ನಲ್ಲಿ ಬಿಡಿಸಿ, ಎರಡು ಸಲ ತೊಳೆದು ಹಾಕಿದೆ. ಇವತ್ತು ನಾಲ್ಕನೇ ದಿನ. ಪುಟ್ಟ ಪುಟ್ಟ ಗೋಳಗಳು ತೇಲುತ್ತಿವೆ, ಅಂಚು ಹೊಳೆಯುತ್ತಿದೆ. ನಡುವಿನ ಕೋಶಗಳು ಸತ್ತು ಕಪ್ಪಾಗುವ ಮೊದಲು ಬಿಡಿಸಬೇಕು ಅಲ್ವಾ? ಎಷ್ಟು ಮೈಕ್ರಾನ್‌ಗೆ?