ಆರು ವರ್ಷದ ಮಗನಿಗೆ ಎಡಿಎಚ್‌ಡಿ ಮಾತ್ರೆ: ನಿಮ್ಮ ಮನೆಯಲ್ಲಿ ಯಾವುದು ಹೊಂದಿತು?

ಕೇಳಿದವರು, ಮಡಿಕೇರಿ ಹತ್ತಿರ
ಮಗ ಒಂದನೇ ಕ್ಲಾಸು. ಮೈಸೂರಿನಲ್ಲಿ ಮಕ್ಕಳ ಮನೋವೈದ್ಯರು ನೋಡಿ ಎಡಿಎಚ್‌ಡಿ ಅಂದಿದ್ದಾರೆ, ಅಂದರೆ ಗಮನ ನಿಲ್ಲದಿರುವುದು, ಸುಮ್ಮನೆ ಕೂರಲಾಗದ ಚಡಪಡಿಕೆ. ಮೀಥೈಲ್‌ಫೆನಿಡೇಟ್ ಅಥವಾ ಆಟೊಮಾಕ್ಸೆಟಿನ್, ಎರಡರಲ್ಲಿ ಯಾವ ಔಷಧ ಅಂತ ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಎಂದರು. ಮೊದಲೇ ಊಟ ಸೇರದ ಹುಡುಗ. ಅತ್ತೆ "ಇವನಪ್ಪನೂ ಹಿಂಗೇ ಇದ್ದ, ಸರಿಹೋಗ್ಲಿಲ್ವಾ" ಅಂತಾರೆ. ಮಗನಿಗೆ ಮಾತ್ರೆಯ ಚಟ ಹತ್ತುತ್ತದೆ ಅನ್ನೋ ಹೆದರಿಕೆ ನಮ್ಮ ಯಜಮಾನರಿಗೆ. ಕೊಟ್ಟು ನೋಡಿದವರು ಮನೆಯಲ್ಲಿ ಏನು ಕಂಡಿರಿ, ಹೇಳ್ತೀರಾ?

ವಿರಾಜಪೇಟೆ ಕಡೆಯ ತಾಯಿ
ನಮ್ಮದು ಮೀಥೈಲ್‌ಫೆನಿಡೇಟ್. ಅಂಗಡಿಯಲ್ಲಿ ಇನ್‌ಸ್ಪೈರಲ್, ಆಡ್ವೈಸ್ ಅನ್ನುವ ಹೆಸರಲ್ಲಿ ಸಿಗುವುದು ಇದೇ. 5 ಮಿ.ಗ್ರಾಂನಿಂದ ಶುರು ಮಾಡಿ ನಿಧಾನಕ್ಕೆ ಏರಿಸಿದರು. ತಿಂದು ಅರ್ಧ-ಮುಕ್ಕಾಲು ಗಂಟೆಯಲ್ಲಿ ಹಿಡಿಯುತ್ತದೆ, ಸಣ್ಣ ಮಾತ್ರೆಯಾದರೆ ಸುಮಾರು 4 ಗಂಟೆ ಇರುತ್ತದೆ. ಮಗು ಮಂಕಾಗಿ ಮೂಲೆ ಹಿಡಿಯುತ್ತಾನೆ ಅಂತ ನಾನೂ ಹೆದರಿದ್ದೆ. ಹಾಗಾಗಲಿಲ್ಲ. ಶುರುವಾದ ಹೊಸತರಲ್ಲಿ ಶಾಲೆಯಿಂದ ಬಂದು ಬ್ಯಾಗ್ ಇಳಿಸುವ ಮೊದಲೇ "ಅಮ್ಮ, ಇವತ್ತು ಮಿಸ್ ನನ್ನ ಹೆಸರು ಕರೀಲೇ ಇಲ್ಲ" ಅಂದ. ಅದುವರೆಗೆ ಅವನ ಹೆಸರು ಕ್ಲಾಸಲ್ಲಿ ಕೇಳುತ್ತಿದ್ದದ್ದು ಬೈಗುಳಕ್ಕೆ ಮಾತ್ರ. ಅಕ್ಷರ ಇನ್ನೂ ವಕ್ರವೇ. ಆದರೆ ಪುಟ ಮುಗಿಸುತ್ತಾನೆ. ಮಂಕಾದಂತೆ ಕಂಡರೆ ಡೋಸ್ ಜಾಸ್ತಿಯಾಗಿದೆ ಎಂದೇ ಲೆಕ್ಕ, ಆಗ ಸುಮ್ಮನಿರಬೇಡಿ, ಡಾಕ್ಟರಿಗೆ ಹೇಳಿ.

ಊಟದ್ದು ನಿಜವಾದ ತಲೆನೋವು. ಮಧ್ಯಾಹ್ನದ ಡಬ್ಬಿ ಹೋದ ಹಾಗೇ ವಾಪಸು ಬರುತ್ತದೆ, ಕಡಂಬುಟ್ಟು ಒಂದು ಮೂಲೆ ಕಚ್ಚಿರುತ್ತದೆ ಅಷ್ಟೆ. ಅದಕ್ಕೇ ಮಾತ್ರೆ ಕೊಡುವ ಮೊದಲೇ ತುಪ್ಪ ಹಾಕಿದ ಅಕ್ಕಿ ರೊಟ್ಟಿ, ಮೊಟ್ಟೆ ತಿನ್ನಿಸಿಬಿಡುತ್ತೇನೆ. ಔಷಧದ ಪ್ರಭಾವ ಇಳಿದ ಮೇಲೆ ರಾತ್ರಿ ಎಂಟಕ್ಕೆ ಹಸಿವು ಉಕ್ಕುತ್ತದೆ, ಆಗ ಎರಡನೇ ಊಟ. ಎತ್ತರ, ತೂಕ, ಬಿಪಿ, ನಾಡಿ ಪ್ರತಿ ಭೇಟಿಯಲ್ಲೂ ನೋಡಿಸಿ. ಅವರು ನೋಡದಿದ್ದರೆ ನೀವೇ ಕೇಳಿ, ನಾಚಿಕೆ ಬೇಡ. ಸಂಜೆ ಔಷಧ ಇಳಿಯುವ ಹೊತ್ತಿಗೆ ಒಂದಷ್ಟು ಹೊತ್ತು ಸಿಡುಕು, ಅಳು. ಆ ಹೊತ್ತಿನಲ್ಲಿ ಹೋಂವರ್ಕ್‌ಗೆ ಕೂರಿಸುವುದು ಬೇಡವೇ ಬೇಡ. ಮಧ್ಯಾಹ್ನದ ಮೇಲೆ ತಡವಾಗಿ ಕೊಟ್ಟರೆ ರಾತ್ರಿ ನಿದ್ದೆ ಕೆಡುತ್ತದೆ.

ಇನ್ನು ಯಾರೂ ಮೊದಲೇ ಹೇಳದ ಮಾತು. ಈ ಔಷಧ ಸರ್ಕಾರದ ಕಟ್ಟುನಿಟ್ಟಿನ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ನಲ್ಲಿದೆ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ, ಮಾರಲು ಬೇರೆಯೇ ಲೈಸೆನ್ಸ್ ಇರಬೇಕು. ಆದ್ದರಿಂದ ನಮ್ಮ ಪೇಟೆಯಲ್ಲಿ ಕೇಳಿದರೆ "ಇಲ್ಲ" ಅನ್ನುವುದೇ ಹೆಚ್ಚು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಜೂನ್-ಜುಲೈ ಮಳೆಯಲ್ಲಿ ರಸ್ತೆ ಯಾವಾಗ ಹೇಗೋ. ಮಳೆಗಾಲಕ್ಕೆ ಮುಂಚೆಯೇ ಡಾಕ್ಟರ್ ಹತ್ತಿರ ಇದನ್ನು ಮಾತಾಡಿಕೊಳ್ಳಿ. ನನ್ನ ಕೇಳಿದರೆ, ನಮ್ಮ ಕಡೆಯವರಿಗೆ ಯಾವ ಮಾತ್ರೆ ಒಳ್ಳೆಯದು ಅನ್ನುವುದಕ್ಕಿಂತ ಯಾವುದನ್ನು ತಪ್ಪದೆ ತರಿಸಿ, ತಪ್ಪದೆ ಕೊಡಬಲ್ಲೆವು ಅನ್ನುವುದೇ ದೊಡ್ಡ ಪ್ರಶ್ನೆ.

ಕುಶಾಲನಗರ, ತಂದೆ
ನಮಗೆ ಆಟೊಮಾಕ್ಸೆಟಿನ್. ಮಗಳಿಗೆ ಕಣ್ಣು ಮಿಟುಕಿಸುವ, ಭುಜ ಕುಣಿಸುವ ಟಿಕ್ (ತಾನಾಗೇ ಆಗುವ ಚಲನೆ) ಇತ್ತು, ಆತಂಕವೂ ಇತ್ತು, ಅದಕ್ಕೇ ಡಾಕ್ಟರ್ ಇದನ್ನು ಆರಿಸಿದರು. ಟಿಕ್ ಇದ್ದವರಿಗೆಲ್ಲ ಇದೇ ಅಂತಲ್ಲ. ಇದು ಮೀಥೈಲ್‌ಫೆನಿಡೇಟ್ ತರಹದ ಉತ್ತೇಜಕ ಔಷಧವಲ್ಲ, ಆ ಎರಡು ಪ್ರತಿ ಚೀಟಿಯ ರಗಳೆ ಇಲ್ಲ. ಆದರೆ ತಾಳ್ಮೆ ಬೇಕು: ತೂಕ ನೋಡಿ ಡೋಸ್, ಪೂರ್ತಿ ಪರಿಣಾಮಕ್ಕೆ 4ರಿಂದ 6 ವಾರ, ಕೆಲವರಿಗೆ ಇನ್ನೂ ಹೆಚ್ಚು. ರಜೆ ಅಂತ ಬಿಡುವ ಹಾಗಿಲ್ಲ, ದಿನಾ ಕೊಡಬೇಕು. ಮೊದಮೊದಲು ಹೊಟ್ಟೆನೋವು, ವಾಂತಿ ಬಂದ ಹಾಗೆ. ಊಟದ ಮೇಲೆ ಕೊಟ್ಟಾಗ ಕಡಿಮೆಯಾಯಿತು. ಹಗಲು ತೂಕಡಿಸುತ್ತಿದ್ದಳು ಅಂತ ಡಾಕ್ಟರನ್ನು ಕೇಳಿ ರಾತ್ರಿಗೆ ಬದಲಿಸಿದೆವು. ಕ್ಯಾಪ್ಸೂಲ್ ಬಿಚ್ಚಿ ಹಾಲಿಗೆ ಹಾಕಬೇಡಿ, ಒಳಗಿನ ಪುಡಿ ಕಣ್ಣಿಗೆ ತಾಗಿದರೆ ಉರಿ. ನುಂಗಲು ಬಾರದಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಗಾದರೆ, ಇಲ್ಲವೇ ಮಗು ಸಾಯುವ ಮಾತಾಡಿದರೆ ಕಾಯದೆ ಫೋನ್ ಮಾಡಿ ಎಂದು ಅವರೇ ಹೇಳಿದ್ದರು. ಅಪರೂಪ, ಆದರೂ ಗೊತ್ತಿರಲಿ.

ಅಮೆರಿಕದ ನೆಂಟರು ಆಡೆರಾಲ್ ಅನ್ನುವ ಇನ್ನೊಂದು ಎಡಿಎಚ್‌ಡಿ ಮಾತ್ರೆ ಕೊಡಿಸಿ ಅಂತಾರೆ. ನಮ್ಮಲ್ಲಿ ಅದು ಮಾರಾಟಕ್ಕೇ ಇಲ್ಲ, ತಲೆ ಕೆಡಿಸಿಕೊಳ್ಳಬೇಡಿ.

ಪೊನ್ನಂಪೇಟೆ
ಮಾತ್ರೆಗೀತ್ರೆ ಯಾಕೆ? ಹಾಕಿ ಸ್ಟಿಕ್ ಕೈಗೆ ಕೊಟ್ಟು ಮೈದಾನಕ್ಕೆ ಬಿಡಿ. ಕೊಡಗಿನ ಮಕ್ಕಳಿಗೆ ಅದೇ ಔಷಧ.

ವಿರಾಜಪೇಟೆ ಕಡೆಯ ತಾಯಿ
ನಮ್ಮವನೂ ಆಡುತ್ತಾನೆ ಅಣ್ಣ, ಆಡಿದ ದಿನ ನಿದ್ದೆ ಚೆನ್ನಾಗಿ ಬರುತ್ತದೆ. ಆದರೆ ಮೈದಾನದಲ್ಲಿ ಕೋಚ್ ಹೇಳಿದ್ದೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ಕನ್ನಡಕ ಬೇಕಾದವನಿಗೆ ಕಣ್ಣು ಕಿರಿದು ಮಾಡಿ ನೋಡು ಅಂದ ಹಾಗಾಯಿತು.

ಸೋಮವಾರಪೇಟೆ, ಪ್ರಾಥಮಿಕ ಶಾಲೆ ಶಿಕ್ಷಕಿ
ಕಿವಿ, ಕಣ್ಣು ಪರೀಕ್ಷೆ ಆಗಿದೆಯಾ? ಗೊರಕೆ ಹೊಡೆದು ನಿದ್ದೆ ಸಾಲದ ಮಗುವೂ ಕ್ಲಾಸಲ್ಲಿ ಹೀಗೇ ಕಾಣುತ್ತದೆ. ಮಗುವಿನ ನಡವಳಿಕೆ ಬಗ್ಗೆ ಶಾಲೆಯಲ್ಲಿ ತುಂಬಿಸುವ ಫಾರಂ ಡಾಕ್ಟರ್ ಕೊಟ್ಟರೆ ಡೋಸ್ ಯಾವ ವಾರ ಬದಲಾಯಿತು ಅಂತ ಟೀಚರಿಗೆ ಹೇಳಬೇಡಿ. ಗೊತ್ತಿದ್ದರೆ ನಾವೇ ಇಲ್ಲದ ಸುಧಾರಣೆ ಕಾಣುತ್ತೇವೆ.

ಗೋಣಿಕೊಪ್ಪ
ನಮ್ಮವನಿಗೆ ಇನ್ನೂ ಐದಾಗಿಲ್ಲ. ಈ ವಯಸ್ಸಿಗೆ ಮೊದಲು ತಂದೆತಾಯಿಗೆ ತರಬೇತಿ, ಅದು ಸಾಲದೆ ಹೋದರೆ ಮಾತ್ರ ಔಷಧ ಎಂದರು. ಅಮೆರಿಕದ ಮಕ್ಕಳ ವೈದ್ಯರ ಸಂಘದ 2019ರ ಮಾರ್ಗಸೂಚಿಯೂ 4-5 ವರ್ಷದವರಿಗೆ ಹಾಗೇ ಹೇಳುತ್ತದೆ. 6 ತುಂಬಿದವರಿಗೆ ಎರಡೂ ಜೊತೆಗೆ. ತರಬೇತಿಯಲ್ಲಿ ಕಲಿಸಿದ್ದು: ಮಗುವಿಗೆ ಒಂದು ಸಲಕ್ಕೆ ಒಂದೇ ಮಾತು, ಹತ್ತಿರ ಹೋಗಿ, ಕಣ್ಣು ನೋಡಿ. ಮಾಡಿದ ತಕ್ಷಣ ಶಭಾಷ್. ಬರೆಯಲು ಸುಲಭ, ಅವಿಭಕ್ತ ಕುಟುಂಬದಲ್ಲಿ ಎಲ್ಲರೂ ಹೀಗೇ ಮಾಡಲಿ ಅನ್ನುವುದು ಕಷ್ಟ. ಮಾತ್ರೆ ಶುರುವಾದರೂ ಇದನ್ನು ಬಿಡಬೇಡಿ.

ಕುಶಾಲನಗರ, ತಂದೆ
ಚಟದ ಬಗ್ಗೆ: ಮೀಥೈಲ್‌ಫೆನಿಡೇಟನ್ನು ಹೇಳಿದ ಪ್ರಮಾಣದಲ್ಲಿ ಬಾಯಿಗೆ ಕೊಟ್ಟು, ಡಾಕ್ಟರ್ ಕಣ್ಣಳತೆಯಲ್ಲಿದ್ದರೆ ಚಿಕ್ಕ ಮಕ್ಕಳಿಗೆ ಆ ಭಯ ಬೇಡ ಎಂದೇ ನಮಗೂ ಹೇಳಿದ್ದು. ದುರುಪಯೋಗ ಮಾಡುವವರು ಇರುವುದು ನಿಜ, ಅದಕ್ಕೇ ಅಷ್ಟು ಕಟ್ಟುನಿಟ್ಟು. ಡಬ್ಬಿ ಬೀಗದಲ್ಲಿರಲಿ. ನಿಮ್ಮ ಅತ್ತೆ ಹೇಳಿದ್ದು ಪೂರ್ತಿ ಸುಳ್ಳಲ್ಲ, ಇದು ವಂಶದಲ್ಲಿ ಹರಿದು ಬರುವುದೇ ಹೆಚ್ಚು. ಹುಡುಗನ ಅಪ್ಪ ಆಗ ಹೇಗೆ ದಾಟಿಕೊಂಡರು ಅಂತ ಅವರನ್ನೇ ಕೇಳಿ ನೋಡಿ. ಇನ್ನೊಂದು: ಮಗನಿಗೆ ಓಡುವಾಗ ತಲೆಸುತ್ತು, ಎದೆನೋವು ಬಂದದ್ದುಂಟಾ? ಮನೆತನದಲ್ಲಿ ಯಾರಾದರೂ ಸಣ್ಣ ವಯಸ್ಸಿಗೆ ಇದ್ದಕ್ಕಿದ್ದಂತೆ ಹೋದದ್ದುಂಟಾ? ಎರಡರಲ್ಲಿ ಯಾವ ಔಷಧವಾದರೂ ಹೃದಯದ ಈ ವಿಷಯವನ್ನು ಡಾಕ್ಟರಿಗೆ ಮೊದಲೇ ತಿಳಿಸಬೇಕು.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಯಜಮಾನರನ್ನು ಕೇಳಿದೆ. ಶಾಲೆಯಲ್ಲಿ ದಿನಾ ಹೊರಗೆ ನಿಲ್ಲಿಸುತ್ತಿದ್ದರಂತೆ, ಏಳನೇ ಕ್ಲಾಸಿಗೆ ಹಾಸ್ಟೆಲ್ ಬಿಟ್ಟು ಓಡಿ ಬಂದಿದ್ದರಂತೆ. ಅತ್ತೆ ಪಕ್ಕದಲ್ಲೇ ಇದ್ದರು, ಏನೂ ಅನ್ನಲಿಲ್ಲ. ಕೊನೆಯ ಪ್ರಶ್ನೆಗೆ ಉತ್ತರ ಅತ್ತೆಯೇ ಕೊಟ್ಟರು: ಇವರ ಚಿಕ್ಕಪ್ಪ ಮೂವತ್ತು ದಾಟುವ ಮೊದಲೇ ತೋಟದಲ್ಲಿ ಕುಸಿದು ಹೋದವರು, ಕಾರಣ ಯಾರಿಗೂ ಗೊತ್ತಾಗಲಿಲ್ಲ. ಇದನ್ನು ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ, ಇಸಿಜಿ ಬೇಕಾ ಕೇಳುತ್ತೇನೆ. ಮಾತ್ರೆಯ ತೀರ್ಮಾನ ಅದರ ಮೇಲೆ.